ರಾತ್ರಿ ಒಂದಕ್ಕೆ ಏಳುವ ಗಂಡಸರು ಬೀಳದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗರ ಮನೆಗಳಲ್ಲಿ ವಯಸ್ಸಾದ ಗಂಡಸರನ್ನು ನೋಡಿಕೊಳ್ಳುವವರಿಗೂ ಆ ಗಂಡಸರಿಗೂ ಈ ಪುಟ. ರಾತ್ರಿ ಮೂತ್ರಕ್ಕೆಂದು ಏಳುವುದನ್ನು ಕಡಿಮೆ ಮಾಡುವುದು ಒಂದು ಕೆಲಸ, ಎದ್ದಾಗ ಬೀಳದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ವಾರಗಳೇ ಹಿಡಿಯಬಹುದು. ಎರಡನೆಯದನ್ನು ಇವತ್ತು ಸಂಜೆಯೇ ಶುರು ಮಾಡಬಹುದು.

ರಾತ್ರಿ ಎಷ್ಟು ಸಲ ಎದ್ದರೆ ಅದನ್ನು ತೊಂದರೆ ಎನ್ನಬೇಕು?

ಅರವತ್ತು ದಾಟಿದವರು ರಾತ್ರಿ ಒಮ್ಮೆ ಎದ್ದರೆ ಅದು ಸಾಮಾನ್ಯ. ಎರಡು ಅಥವಾ ಅದಕ್ಕಿಂತ ಹೆಚ್ಚು ಸಲ ಮೂತ್ರದ ಒತ್ತಡಕ್ಕೇ ಎಚ್ಚರವಾಗುತ್ತಿದ್ದರೆ ಕಾರಣ ಹುಡುಕಬೇಕು. ಆದರೆ ಬೀಳುವ ಅಪಾಯವನ್ನು ಬರೀ ಲೆಕ್ಕದಿಂದ ಅಳೆಯಬೇಡಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ಎರಡೂ ತೆಗೆದುಕೊಳ್ಳುವವರು ಒಂದೇ ಸಲ ಎದ್ದರೂ ಸಾಕು, ಅಪಾಯ ಇದ್ದೇ ಇದೆ.

ಹಗಲೆಲ್ಲ ಓಡಾಡಿಕೊಂಡಿರುವ ಅಪ್ಪ ರಾತ್ರಿಯೇ ಏಕೆ ಬೀಳುತ್ತಾರೆ?

ಹಲವು ಸಣ್ಣ ಕಾರಣಗಳು ಒಂದೇ ನಿಮಿಷದಲ್ಲಿ ಕೂಡಿಬರುವುದರಿಂದ. ಮಲಗಿದ್ದವರು ತಟ್ಟನೆ ಎದ್ದಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ವಯಸ್ಸಾದಂತೆ ಅದನ್ನು ಮತ್ತೆ ಮೇಲೆತ್ತುವ ಚುರುಕು ರಕ್ತನಾಳಗಳಿಗೆ ಉಳಿಯುವುದಿಲ್ಲ, ಮಿದುಳಿಗೆ ಕೆಲ ಕ್ಷಣ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಅದರ ಮೇಲೆ ನಿದ್ದೆಗಣ್ಣು. ಕನ್ನಡಕ ಹಾಕಿರುವುದಿಲ್ಲ. ಯಾರಿಗೂ ಎಚ್ಚರವಾಗಬಾರದೆಂದು ದೀಪ ಹಾಕಿರುವುದಿಲ್ಲ. ಜೊತೆಗೆ ಅವಸರ, ಬಚ್ಚಲು ಮುಟ್ಟುವ ಮೊದಲೇ ಪಂಚೆ ಒದ್ದೆಯಾದೀತು ಎಂಬ ಭಯ. ನಮ್ಮ ಪ್ರಕಾರ ಈ ಭಯವೇ ಎಲ್ಲಕ್ಕಿಂತ ಕೆಟ್ಟದ್ದು. ಅದಿದ್ದಾಗ ಗೊತ್ತಿರುವ ಎಚ್ಚರಿಕೆಯೂ ಮರೆತುಹೋಗುತ್ತದೆ.

ಹೋಗುವಾಗ ಏನೂ ಆಗಲಿಲ್ಲ, ಮೂತ್ರ ಮಾಡಿ ಮುಗಿಸುವಾಗ ಕುಸಿದುಬಿದ್ದರು. ಇದೇನು?

ನಿಂತು ಮೂತ್ರ ಮಾಡುವ ಗಂಡಸರಲ್ಲಿ ಇದು ಹೊಸದಲ್ಲ. ತುಂಬಿದ ಮೂತ್ರಕೋಶ ಬೇಗನೆ ಖಾಲಿಯಾದಾಗ ನರಗಳ ಪ್ರತಿಕ್ರಿಯೆಯಿಂದ ಬಿಪಿ ಇಳಿಯುತ್ತದೆ, ನಾಡಿಯೂ ನಿಧಾನವಾಗಬಹುದು. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಮೂತ್ರದ ದಾರಿಯನ್ನು ಸುತ್ತುವರಿದ ಗ್ರಂಥಿ) ದೊಡ್ಡದಾಗಿರುವವರು ಮುಕ್ಕಿ ಮೂತ್ರ ಮಾಡುತ್ತಾರೆ, ಹಾಗೆ ಉಸಿರು ಬಿಗಿಹಿಡಿದಾಗ ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ರಾತ್ರಿ ಊಟದ ಜೊತೆ ಎರಡು ಪೆಗ್ ಆಗಿದ್ದರಂತೂ ಕೇಳುವುದೇ ಬೇಡ.

ಪರಿಹಾರ ಸುಲಭ: ರಾತ್ರಿ ಹೊತ್ತು ಕಮೋಡಿನ ಮೇಲೆ ಕುಳಿತೇ ಮೂತ್ರ ಮಾಡಿ, ಮುಗಿದ ಮೇಲೆ ಅರ್ಧ ನಿಮಿಷ ಕುಳಿತಿದ್ದು ಏಳಿ. ಗಂಡಸರು ಕುಳಿತು ಮಾಡುವುದೇ ಎಂಬ ಸಂಕೋಚ ಬೇಡ. ಆದರೆ ಒಮ್ಮೆಯಾದರೂ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಮನೆಮದ್ದಿನಲ್ಲಿ ನಿಲ್ಲಿಸಬೇಡಿ. ಹೃದಯದ ಬಡಿತದ ದೋಷವೂ ಹೀಗೆಯೇ ಕಾಣಿಸುತ್ತದೆ, ಇಸಿಜಿ ಮಾಡಿಸಲೇಬೇಕು.

ರಾತ್ರಿ ಏಳುವುದೆಲ್ಲ ಪ್ರಾಸ್ಟೇಟ್‌ನಿಂದಲೇ ಅಲ್ಲವೇ?

ಅಲ್ಲ. ಪ್ರಾಸ್ಟೇಟ್ ಮಾತ್ರೆ ವರ್ಷಗಟ್ಟಲೆ ನುಂಗಿಯೂ ರಾತ್ರಿ ನಾಲ್ಕು ಸಲ ಏಳುವವರು ಇರುವುದು ಅದಕ್ಕೇ. ಕಾರಣಗಳು ಮುಖ್ಯವಾಗಿ ನಾಲ್ಕು ಗುಂಪು. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಅಥವಾ ಸ್ವಲ್ಪಕ್ಕೇ ಕೆರಳಿ ಪದೇ ಪದೇ ಒತ್ತಡ ಬರುವುದು ಒಂದು, ಪ್ರಾಸ್ಟೇಟ್ ಬರುವುದು ಇಲ್ಲಿ. ಮೂತ್ರಪಿಂಡ ರಾತ್ರಿ ಹೊತ್ತಿನಲ್ಲೇ ಹೆಚ್ಚು ಮೂತ್ರ ತಯಾರಿಸುವುದು ಎರಡನೆಯದು. ಹಗಲೂ ರಾತ್ರಿಯೂ ಹೆಚ್ಚು ಮೂತ್ರ ಬರುವುದು ಮೂರನೆಯದು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಹೀಗಾಗುತ್ತದೆ. ನಾಲ್ಕನೆಯದು ನಿದ್ದೆಯ ದೋಷ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಲ್ಲುವವರಲ್ಲಿ ಹೃದಯದಿಂದ ಒಂದು ಹಾರ್ಮೋನು ಬಿಡುಗಡೆಯಾಗಿ ಮೂತ್ರ ಹೆಚ್ಚುತ್ತದೆ, ಆ ಗೊರಕೆಗೆ ಚಿಕಿತ್ಸೆ ಕೊಟ್ಟರೆ ಏಳುವುದೂ ತಗ್ಗುತ್ತದೆ. ಒಬ್ಬರಲ್ಲೇ ಎರಡು ಮೂರು ಕಾರಣ ಕೂಡಿರುವುದೇ ಹೆಚ್ಚು.

ಯಾವ ಕಾರಣವೆಂದು ಮನೆಯಲ್ಲಿ ತಿಳಿಯುವುದು ಹೇಗೆ?

ಮೂರು ದಿನದ ಮೂತ್ರದ ಲೆಕ್ಕ ಬರೆಯಿರಿ. ಡಾಕ್ಟರರ ಬಳಿ ಹೋಗುವ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ, ಇದರಷ್ಟು ಜನ ತಪ್ಪಿಸಿಕೊಳ್ಳುವುದೂ ಇನ್ನೊಂದಿಲ್ಲ.

ಗೆರೆ ಗುರುತಿರುವ ಅರ್ಧ ಅಥವಾ ಒಂದು ಲೀಟರಿನ ಪ್ಲಾಸ್ಟಿಕ್ ಜಗ್ ತಂದು ಬಚ್ಚಲಲ್ಲಿ ಇಡಿ. ಪ್ರತಿ ಸಲವೂ ಅದರಲ್ಲೇ ಮೂತ್ರ ಮಾಡಿ, ಗಂಟೆ ಮತ್ತು ಮಿಲಿಲೀಟರ್ ಬರೆದು, ಚೆಲ್ಲಿ ತೊಳೆಯಿರಿ. ಕುಡಿದ ನೀರು, ಚಹಾ, ಮಜ್ಜಿಗೆಯನ್ನೂ ಪಕ್ಕದಲ್ಲಿ ಬರೆಯಿರಿ. ಮಲಗಿದ ಹೊತ್ತು, ಎದ್ದ ಹೊತ್ತು ಗುರುತು ಹಾಕಿ. ಮೂರು ದಿನ ಸತತವಾಗಿಯೇ ಆಗಬೇಕೆಂದಿಲ್ಲ, ಮನೆಯಲ್ಲೇ ಇರುವ ದಿನ ಆರಿಸಿಕೊಳ್ಳಿ.

ಲೆಕ್ಕ ತಪ್ಪುವುದು ಒಂದು ಕಡೆ. ಮಲಗುವ ಮುಂಚೆ ಮಾಡಿದ ಮೂತ್ರ ಹಗಲಿನ ಲೆಕ್ಕಕ್ಕೆ ಸೇರಬೇಕು. ಬೆಳಿಗ್ಗೆ ಎದ್ದು ಮಾಡುವ ಮೊದಲ ಮೂತ್ರ ರಾತ್ರಿಯ ಲೆಕ್ಕಕ್ಕೆ ಸೇರಬೇಕು, ಏಕೆಂದರೆ ಅದು ರಾತ್ರಿ ತಯಾರಾದದ್ದು. ಉದಾಹರಣೆಗೆ, ರಾತ್ರಿ 250, 300 ಮತ್ತು ಬೆಳಿಗ್ಗೆ 350 ಸೇರಿ 900 ಮಿಲಿ, ಹಗಲಿಡೀ 1,100 ಮಿಲಿ ಎಂದುಕೊಳ್ಳಿ. ಒಟ್ಟು 2,000ದಲ್ಲಿ 900 ಎಂದರೆ ನೂರಕ್ಕೆ 45. ಅರವತ್ತೈದು ದಾಟಿದವರಲ್ಲಿ ಇದು ಮೂರನೇ ಒಂದು ಪಾಲಿಗಿಂತ ಹೆಚ್ಚಾದರೆ ರಾತ್ರಿಯ ಉತ್ಪತ್ತಿಯೇ ಜಾಸ್ತಿ ಎಂದು ಅರ್ಥ. ಬರೀ ಪ್ರಾಸ್ಟೇಟ್ ಮಾತ್ರೆಯಿಂದ ಇದು ಸರಿಹೋಗುವುದಿಲ್ಲ. ಅದರ ಬದಲು ಪ್ರತಿ ಸಲ 80, 100 ಮಿಲಿ ಮಾತ್ರ ಬರುತ್ತಿದ್ದರೆ ಮೂತ್ರಕೋಶ ಅಥವಾ ಪ್ರಾಸ್ಟೇಟ್ ಕಡೆ ನೋಡಬೇಕು. ಇಪ್ಪತ್ತನಾಲ್ಕು ಗಂಟೆಯ ಮೊತ್ತ ದೇಹತೂಕದ ಪ್ರತಿ ಕಿಲೋಗೆ 40 ಮಿಲಿ ಮೀರಿದರೆ, ಅಂದರೆ 60 ಕಿಲೋ ಇರುವವರಿಗೆ 2,400 ಮಿಲಿಗಿಂತ ಹೆಚ್ಚಾದರೆ, ಮೊದಲು ಸಕ್ಕರೆ ಪರೀಕ್ಷೆ. ಅದು ಸರಿಯಿದ್ದರೆ ನೀರು ಕುಡಿಯುವುದೇ ಅತಿಯಾಗಿದೆಯೋ ನೋಡಿ.

ಜೀವನವಿಡೀ ಹೋಟೆಲಿನಲ್ಲಿ ನಿಂತು ದುಡಿದವರು. ಸಂಜೆಗೆ ಕಾಲು ಊದುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಉಂಟೇ?

ನೇರ ಸಂಬಂಧ ಉಂಟು. ಗಲ್ಲಾಪೆಟ್ಟಿಗೆ ಹಿಂದೆ, ಒಲೆಯ ಮುಂದೆ ದಶಕಗಟ್ಟಲೆ ನಿಂತವರ ಕಾಲಿನ ರಕ್ತನಾಳಗಳ ಕವಾಟ ಸಡಿಲವಾಗಿ ಹಗಲೆಲ್ಲ ನೀರು ಪಾದದಲ್ಲಿ ನಿಲ್ಲುತ್ತದೆ. ಮಲಗಿದ ಕೂಡಲೇ ಆ ನೀರು ರಕ್ತಕ್ಕೆ ಮರಳುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಅಂದರೆ ಸಂಜೆ ಕಾಲಿನಲ್ಲಿದ್ದದ್ದು ಮಧ್ಯರಾತ್ರಿ ಮೂತ್ರಕೋಶದಲ್ಲಿ. ಸಂಜೆ ಆರರ ಹೊತ್ತಿಗೆ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ನೋಡಿ. ಗುಳಿ ಬಿದ್ದರೆ ನೀರಿದೆ.

ಮಧ್ಯಾಹ್ನ ಅಥವಾ ಸಂಜೆ ಒಂದು ಗಂಟೆ ಮಲಗಿ, ಕಾಲ ಕೆಳಗೆ ಎರಡು ದಿಂಬಿಟ್ಟು ಎದೆಯ ಮಟ್ಟಕ್ಕೆ ಎತ್ತಿ. ಆಗ ಆ ನೀರು ಎಚ್ಚರವಿರುವಾಗಲೇ ಮೂತ್ರವಾಗಿ ಹೋಗುತ್ತದೆ. ಬೆಳಿಗ್ಗೆ ಹಾಕಿ ಮಲಗುವಾಗ ತೆಗೆಯುವ ಬಿಗಿ ಸಾಕ್ಸೂ ಸಹಾಯ ಮಾಡುತ್ತದೆ. ಆದರೆ ನಡೆದಾಗ ಮೀನಖಂಡ ಹಿಡಿಯುವವರು, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಕಾಲಿನ ರಕ್ತಸಂಚಾರ ಪರೀಕ್ಷಿಸದೆ ಅದನ್ನು ಹಾಕಬಾರದು. ಊತದ ಜೊತೆ ಮೆಟ್ಟಿಲು ಹತ್ತಲು ಏದುಸಿರು, ಚಪ್ಪಟೆ ಮಲಗಲಾಗದೆ ದಿಂಬು ಏರಿಸುವುದು ಇದ್ದರೆ ಹೃದಯ ಸೋಲುತ್ತಿರಬಹುದು, ತಡಮಾಡದೆ ತೋರಿಸಿ.

ನೀರು ಕುಡಿಯುವುದನ್ನೇ ಬಿಟ್ಟರೆ?

ಬೇಡ. ಮುಂಬಯಿಯ ಸೆಖೆಯಲ್ಲಿ ನೀರು ಬಿಟ್ಟರೆ ಬಿಪಿ ಇಳಿದು ಬೀಳುವ ಸಂಭವ ಹೆಚ್ಚುತ್ತದೆ, ಮಲಬದ್ಧತೆಯಾಗಿ ಮೂತ್ರಕ್ಕೂ ತಡೆಯಾಗುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಗೆ ಡಾಕ್ಟರು ಮಿತಿ ಹೇಳಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಿರಿ, ಆದರೆ ಹೆಚ್ಚಿನದು ಸಂಜೆ ಆರರೊಳಗೆ ಮುಗಿಯಲಿ. ಮಲಗುವ ಮೂರು ಗಂಟೆ ಮೊದಲಿನಿಂದ ಗುಟುಕು ಮಾತ್ರ.

ನಮ್ಮವರು ಲೆಕ್ಕಕ್ಕೆ ಹಿಡಿಯದ ನೀರು ರಾತ್ರಿಯ ತಟ್ಟೆಯಲ್ಲೇ ಇರುತ್ತದೆ: ಗಂಜಿ, ಸಾರು, ಕೊನೆಗೊಂದು ಲೋಟ ಮಜ್ಜಿಗೆ. ಅದರ ಜೊತೆ ಉಪ್ಪಿನಕಾಯಿ, ಹಪ್ಪಳ, ಒಣಮೀನು. ಉಪ್ಪು ಹೆಚ್ಚಾದಷ್ಟೂ ದೇಹ ನೀರು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಒಂದು ಚಿಕ್ಕ ಚಮಚದಷ್ಟು ಮಾತ್ರ, ಅಡುಗೆಯಲ್ಲಿ ಹಾಕಿದ್ದೂ ಸೇರಿ. ಗಂಜಿಯನ್ನು ಬೆಳಿಗ್ಗೆಗೆ ಸರಿಸಿ. ಸಂಜೆ ನಾಲ್ಕರ ನಂತರ ಚಹಾ, ಕಾಫಿ ಬೇಡ. ಬಿಯರ್ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಯಾವ ಮಾತ್ರೆಗಳ ಬಗ್ಗೆ ಎಚ್ಚರ ಬೇಕು?

ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಪಟ್ಟಿ ಹಿಡಿದು ಡಾಕ್ಟರರನ್ನು ಕೇಳಿ.

ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಸಿಲೊಡೋಸಿನ್, ಅಲ್ಫುಜೋಸಿನ್ ಮಾತ್ರೆಗಳು ಮೂತ್ರದ ದಾರಿ ಸಡಿಲಿಸುತ್ತವೆ, ಜೊತೆಗೆ ನಿಂತಾಗ ಬಿಪಿಯನ್ನೂ ಇಳಿಸಬಹುದು. ಮೊದಲ ವಾರಗಳಲ್ಲಿ, ಡೋಸ್ ಹೆಚ್ಚಿಸಿದಾಗ, ಕೆಲದಿನ ಬಿಟ್ಟು ಮತ್ತೆ ಶುರು ಮಾಡಿದಾಗ ಅಪಾಯ ಹೆಚ್ಚು. ಇದೇ ಗುಂಪಿನ ಪ್ರಾಜೋಸಿನ್, ಟೆರಾಜೋಸಿನ್ ಬಿಪಿಯನ್ನು ಇನ್ನೂ ಹೆಚ್ಚು ಇಳಿಸುತ್ತವೆ. ಇವುಗಳ ಜೊತೆ ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ಗುಟ್ಟಾಗಿ ತೆಗೆದುಕೊಳ್ಳುವವರಿದ್ದಾರೆ, ಆಗ ಬಿಪಿ ಇನ್ನೂ ಇಳಿಯುತ್ತದೆ. ಡಾಕ್ಟರರಿಗಾದರೂ ನಿಜ ಹೇಳಿ. ಪೊರೆಯ ಆಪರೇಷನ್‌ಗೆ ಹೋಗುವ ಮೊದಲು ಕಣ್ಣಿನ ಡಾಕ್ಟರರಿಗೂ ಟ್ಯಾಮ್ಸುಲೋಸಿನ್ ವಿಷಯ ತಿಳಿಸಬೇಕು, ಅದು ಆಪರೇಷನ್ ವೇಳೆ ಪಾಪೆಯನ್ನು ಸಡಿಲ ಮಾಡುತ್ತದೆ.

ಫ್ಯೂರೋಸಮೈಡ್‌ನಂಥ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯನ್ನು ರಾತ್ರಿ ಊಟದ ಜೊತೆ ನುಂಗುತ್ತಿದ್ದರೆ ಹೊತ್ತು ಬದಲಿಸಬಹುದೇ ಕೇಳಿ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೆಲವರಿಗೆ ಕಾಲು ಊದಿಸುತ್ತದೆ, ಆ ನೀರು ರಾತ್ರಿ ಮೂತ್ರವಾಗಿ ಬರುತ್ತದೆ. ಸಕ್ಕರೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಕೆಲಸ ಮಾಡುವುದೇ ಮೂತ್ರದಲ್ಲಿ ಸಕ್ಕರೆ ಹೊರಹಾಕಿ, ಅದರೊಂದಿಗೆ ಮೂತ್ರವೂ ಹೆಚ್ಚುತ್ತದೆ. ನಿದ್ದೆಗೆಂದು ಅಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಜೋಲ್ಪಿಡೆಮ್ ತೆಗೆದುಕೊಂಡು ಅರ್ಧ ನಿದ್ದೆಯಲ್ಲೇ ಬಚ್ಚಲಿಗೆ ನಡೆಯುವುದು ಬೀಳುವುದಕ್ಕೆ ನೆಟ್ಟಗಿನ ದಾರಿ. ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡಲಾಗದು, ನಿಧಾನವಾಗಿ ಇಳಿಸಬೇಕು.

ಶೀತಕ್ಕೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಫಿನೈಲೆಫ್ರಿನ್, ಕ್ಲೋರ್ಫೆನಿರಮೈನ್ ಇರುತ್ತವೆ. ಪ್ರಾಸ್ಟೇಟ್ ದೊಡ್ಡದಾಗಿರುವವರಿಗೆ ಒಂದೆರಡು ಗುಳಿಗೆಯಲ್ಲೇ ಮೂತ್ರ ಕಟ್ಟಬಹುದು.

ರಾತ್ರಿ ಮೂತ್ರವನ್ನೇ ಕಡಿಮೆ ಮಾಡುವ ಡೆಸ್ಮೋಪ್ರೆಸಿನ್ ಎಂಬ ಔಷಧ ಇದೆ. ವಯಸ್ಸಾದವರಲ್ಲಿ ಅದು ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಸಬಲ್ಲದು, ತಲೆನೋವು, ಗೊಂದಲ, ಫಿಟ್ಸ್ ಬರಬಹುದು. ಸೋಡಿಯಂ ಪರೀಕ್ಷೆಯಿಲ್ಲದೆ, ಪಕ್ಕದ ಮನೆಯವರಿಗೆ ಗುಣವಾಯಿತೆಂದು ಶುರು ಮಾಡುವ ಔಷಧ ಅದಲ್ಲ.

ನಿಂತಾಗ ಬಿಪಿ ಇಳಿಯುತ್ತದೆಯೇ ಎಂದು ನೋಡುವುದು ಹೇಗೆ?

ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎದ್ದು ನಿಂತ ಮೇಲೆ ಒಂದನೇ ನಿಮಿಷಕ್ಕೆ, ಮತ್ತೆ ಮೂರನೇ ನಿಮಿಷಕ್ಕೆ ನೋಡಿ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಬರೆದುಕೊಂಡು ಡಾಕ್ಟರರಿಗೆ ತೋರಿಸಿ. ಕ್ಲಿನಿಕ್ಕಿನಲ್ಲಿ ಕುಳಿತೇ ನೋಡುವ ಬಿಪಿಯಲ್ಲಿ ಇದು ಗೊತ್ತಾಗುವುದಿಲ್ಲ.

ಹಾಸಿಗೆಯಿಂದ ಏಳುವ ಸರಿಯಾದ ಕ್ರಮ ಯಾವುದು?

ಎಚ್ಚರವಾದಾಗ ಮೊದಲು ದೀಪ. ಮಲಗಿದ್ದಂತೆಯೇ ಎರಡೂ ಪಾದಗಳನ್ನು ಮೇಲೆ ಕೆಳಗೆ ಹತ್ತು ಹದಿನೈದು ಸಲ ಆಡಿಸಿ, ಕಾಲಿನ ರಕ್ತ ಮೇಲೇರಲಿ. ಮಗ್ಗುಲಾಗಿ, ಕೈ ಊರಿ ಮಂಚದ ಅಂಚಿಗೆ ಕುಳಿತು ಒಂದು ನಿಮಿಷ ತಡೆಯಿರಿ. ತಲೆ ತಿರುಗಿದರೆ ಮತ್ತೆ ಮಲಗಿ. ಇಲ್ಲದಿದ್ದರೆ ಕನ್ನಡಕ ಹಾಕಿ, ಗಟ್ಟಿಯಾದದ್ದೇನನ್ನಾದರೂ ಹಿಡಿದು ನಿಂತು, ಹತ್ತು ಎಣಿಸಿ, ಆಮೇಲೆ ಹೆಜ್ಜೆ.

ಇಷ್ಟು ಹೊತ್ತು ಮೂತ್ರ ತಡೆಯುವುದಿಲ್ಲ ಎನ್ನುವವರು ಕುಳಿತಲ್ಲೇ ಗುದದ್ವಾರವನ್ನು ಒಳಕ್ಕೆ ಬಿಗಿದು ಬಿಡುವುದನ್ನು ಐದಾರು ಸಲ ಚುರುಕಾಗಿ ಮಾಡಿ. ಒತ್ತಡದ ಅಲೆ ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ಅದು ಏರುತ್ತಿರುವಾಗ ಓಡುವುದಕ್ಕಿಂತ ಇಳಿದ ಮೇಲೆ ನಡೆಯುವುದೇ ಸರಿ.

ಮಂಚದ ಮೇಲೆ ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಹೆಚ್ಚಿನವರಿಗೆ ಹಾಸಿಗೆ ಸೇರಿ 18ರಿಂದ 20 ಅಂಗುಲ ಸರಿಹೋಗುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗುವ ಅಭ್ಯಾಸವಿದ್ದವರಿಗೆ ಎಪ್ಪತ್ತರ ನಂತರವಾದರೂ ಮಂಚ ಬೇಕು.

ಒಂದು ಕೋಣೆಯ ಮನೆ. ಎಲ್ಲಿಂದ ಶುರು ಮಾಡುವುದು?

ಹಾಸಿಗೆಯಿಂದ ಕಮೋಡಿನವರೆಗಿನ ದಾರಿಯಲ್ಲಿ ರಾತ್ರಿ ದೀಪ ಆರಿಸಿ ಒಮ್ಮೆ ನೀವೇ ನಡೆದು ನೋಡಿ. ಹಾಲ್‌ನಲ್ಲಿ ಮಲಗಿದ ಮೊಮ್ಮಕ್ಕಳ ಕಾಲು, ಮೊಬೈಲ್ ಚಾರ್ಜರಿನ ವೈರು, ಫ್ಯಾನಿನ ಸ್ಟ್ಯಾಂಡು, ಅಡುಗೆಮನೆಯ ಓಣಿಯಲ್ಲಿ ನೀರು ತುಂಬಿಟ್ಟ ಪಿಂಪು ಎಲ್ಲವೂ ಆಗ ಸಿಗುತ್ತವೆ. ಅಜ್ಜನ ಹಾಸಿಗೆಯನ್ನು ಬಚ್ಚಲಿಗೆ ಹತ್ತಿರದ ಗೋಡೆಗೆ ಸರಿಸುವುದು ಕಾಸು ಖರ್ಚಿಲ್ಲದ, ಎಲ್ಲಕ್ಕಿಂತ ಒಳ್ಳೆಯ ಬದಲಾವಣೆ.

ದೀಪ ನೆಲದಿಂದ ಮೊಣಕಾಲೆತ್ತರದಲ್ಲಿ ಇರಲಿ. ಚಲನೆ ಗುರುತಿಸಿ ತಾನೇ ಹೊತ್ತುವ, ಚಾರ್ಜ್ ಆಗುವ ಸಣ್ಣ ಎಲ್‌ಇಡಿ ದೀಪ ಎರಡು ಸಾಕು, ಒಂದು ಮಂಚದ ಬಳಿ, ಒಂದು ಬಚ್ಚಲ ಬಾಗಿಲಲ್ಲಿ. ಹಳದಿ ಬೆಳಕು ಒಳ್ಳೆಯದು, ಬಿಳಿ ಟ್ಯೂಬ್‌ಲೈಟ್ ಹಾಕಿದರೆ ನಿದ್ದೆ ಹಾರಿಹೋಗುತ್ತದೆ.

ಮುಂಬಯಿಯ ಮನೆಗಳಲ್ಲಿ ಬಚ್ಚಲ ಬಾಗಿಲಿಗೆ ಒಂದೆರಡು ಅಂಗುಲ ಎತ್ತರದ ಮಾರ್ಬಲ್ ಹೊಸ್ತಿಲು ಇರುತ್ತದೆ. ಎಡವುವುದು ಅಲ್ಲೇ. ಅದರ ಅಂಚಿಗೆ ಹೊಳೆಯುವ ಅಥವಾ ಗಾಢ ಬಣ್ಣದ ಟೇಪ್ ಅಂಟಿಸಿ. ಅದೇ ಜಾಗದಲ್ಲಿ ಒಂಟಿಕಾಲಲ್ಲಿ ನಿಂತು ಬಚ್ಚಲ ಚಪ್ಪಲಿ ಬದಲಿಸುವ ಪದ್ಧತಿಯನ್ನು ರಾತ್ರಿ ಮಟ್ಟಿಗೆ ಬಿಡಿ: ಹಿಂಬದಿ ಪಟ್ಟಿಯಿರುವ, ರಬ್ಬರ್ ತಳದ ಒಂದೇ ಜೋಡಿ ಸಾಕು. ಸವೆದ ಹವಾಯಿ ಚಪ್ಪಲಿ ಬೇಡ. ನೀರು ಬೆಳಿಗ್ಗೆ ನಾಲ್ಕೈದು ಗಂಟೆಗೆ ಬರುವ ಕಟ್ಟಡಗಳಲ್ಲಿ ನೀರು ತುಂಬಿಸುವವರು ನೆಲ ಒದ್ದೆ ಮಾಡಿ ಹೋಗುತ್ತಾರೆ, ಅಜ್ಜ ಕೊನೆಯ ಸಲ ಏಳುವುದೂ ಅದೇ ಹೊತ್ತಿಗೆ. ವೈಪರ್ ಎಳೆದು ಬರುವುದು ನೀರು ತುಂಬಿಸಿದವರ ಕೆಲಸವಾಗಲಿ.

ಕಮೋಡಿನ ಪಕ್ಕ ಹಿಡಿಕೆ ಬೇಕು. ಸ್ಟೀಲಿನದು, ನೆಲದಿಂದ 33ರಿಂದ 36 ಅಂಗುಲ ಎತ್ತರ, ಗಟ್ಟಿ ಗೋಡೆಗೆ ಟೈಲ್ಸ್ ದಾಟಿ ಇಳಿಯುವ ಬೋಲ್ಟಿನಿಂದ ಬಿಗಿದದ್ದು. ಟೈಲ್ಸ್ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಕೊರೆಯಿಸಬೇಡಿ. ಗಾಳಿಯೊತ್ತಡದಿಂದ ಅಂಟುವ ಹಿಡಿಕೆ ಮೈಭಾರ ತಡೆಯುವುದಿಲ್ಲ, ಟವೆಲ್ ರಾಡ್ ಅಂತೂ ಕೈಗೇ ಕಿತ್ತು ಬರುತ್ತದೆ. ಹಾಕಿದ ಮೇಲೆ ಮನೆಯ ಗಟ್ಟಿಮುಟ್ಟಾದ ಯುವಕನೊಬ್ಬ ಜೋತುಬಿದ್ದು ನೋಡಲಿ.

ಉದ್ದ ಪಂಚೆ, ಲಾಡಿ ಗಂಟಿನ ಪೈಜಾಮ ಎರಡೂ ರಾತ್ರಿಗೆ ತೊಡಕು. ಇಲಾಸ್ಟಿಕ್ ಚಡ್ಡಿ ಅಥವಾ ಮೊಣಕಾಲವರೆಗೆ ಮಡಚಿದ ಲುಂಗಿ ಸಾಕು.

ಚಾಳ್‌ನಲ್ಲಿದ್ದೇವೆ. ಶೌಚಾಲಯ ಗ್ಯಾಲರಿಯ ತುದಿಯಲ್ಲಿದೆ.

ಹಾಗಾದರೆ ರಾತ್ರಿ ಹೊರಗೆ ಹೋಗುವುದೇ ಬೇಡ. ಗಂಡಸರಿಗೆ ಬಳಸುವ ಪ್ಲಾಸ್ಟಿಕ್ ಯೂರಿನಲ್ ಬಾಟಲಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ಹಿಡಿಯುವ, ಹಿಡಿಕೆ ಮತ್ತು ಮುಚ್ಚಳವಿರುವ, ಗೆರೆ ಗುರುತು ಇರುವುದನ್ನೇ ತನ್ನಿ, ಮೂತ್ರದ ಲೆಕ್ಕಕ್ಕೂ ಆಗುತ್ತದೆ. ಮಂಚದ ಅಂಚಿನಲ್ಲಿ ಕುಳಿತು ಬಳಸಿ. ಮಲಗಿ ಮಾಡಿದರೆ ಪೂರ್ತಿ ಖಾಲಿಯಾಗದು, ನಿಂತು ಮಾಡಿದರೆ ಬಾಟಲಿ ತಂದ ಉದ್ದೇಶವೇ ಹಾಳು. ಕೈಗೆ ಸಿಗುವ ಎತ್ತರದಲ್ಲಿ, ಸ್ಟೂಲಿನ ಮೇಲೆ ಇಡಿ, ನೆಲದ ಮೇಲಿಟ್ಟರೆ ಬಗ್ಗುವಾಗ ಮುಗ್ಗರಿಸುತ್ತಾರೆ. ಬೆಳಿಗ್ಗೆ ಚೆಲ್ಲಿ ಸೋಪು ನೀರಿನಲ್ಲಿ ತೊಳೆಯಿರಿ. ವಾಸನೆ ಹಿಡಿದರೆ ವಿನೆಗರ್ ಬೆರೆಸಿದ ನೀರು ಅರ್ಧ ಗಂಟೆ ಹಾಕಿಡಿ.

ಬಾಟಲಿ ಬೇಡವೆಂದು ಹಟ ಹಿಡಿಯುವ ಹಿರಿಯರೇ ಹೆಚ್ಚು. ಸೊಸೆ ತೊಳೆಯಬೇಕಲ್ಲ ಎಂಬ ಸಂಕೋಚ ಅದು. ಮಗ ತೊಳೆಯಲಿ, ಹಟ ಅರ್ಧ ಇಳಿಯುತ್ತದೆ.

ನಮ್ಮದು ಇಂಡಿಯನ್ ಟಾಯ್ಲೆಟ್. ತೆಗೆಸಲೇಬೇಕೇ?

ತೆಗೆಸಬೇಕಿಲ್ಲ. ಕುಕ್ಕರಗಾಲಿನಿಂದ ಏಳುವಾಗ ಬಿಪಿ ಬೇಗ ಇಳಿಯುವುದರಿಂದ ರಾತ್ರಿಗೆ ಅದು ತಕ್ಕದ್ದಲ್ಲ ನಿಜ. ಅದರ ಮೇಲೆ ಇಡುವ ಸ್ಟೀಲ್ ಕಮೋಡ್ ಸ್ಟೂಲ್ ಸಿಗುತ್ತದೆ. ಕಾಲಿನ ರಬ್ಬರ್ ಬುಷ್ ಗಟ್ಟಿ ಇದೆಯೇ, ನಾಲ್ಕೂ ಕಾಲು ಸಮತಟ್ಟಾಗಿ ಕೂರುತ್ತವೆಯೇ ನೋಡಿ.

ಯಾರಿಗೆ ತೋರಿಸಬೇಕು, ಯಾವ ಪರೀಕ್ಷೆ?

ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ್ ಸಾಕು. ಮೂತ್ರ ಪರೀಕ್ಷೆ, ಸಕ್ಕರೆ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಸೋಡಿಯಂ, ಮಲಗಿ ಮತ್ತು ನಿಂತು ಬಿಪಿ, ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತದೆಂದು ನೋಡುವ ಸೋನೋಗ್ರಫಿ, ಇಷ್ಟರಲ್ಲಿ ಬಹುಪಾಲು ತಿಳಿಯುತ್ತದೆ. ಪರೇಲಿನ ಕೆಇಎಂ, ಸಾಯನ್, ನಾಯರ್, ಕೂಪರ್ ಮುಂತಾದ ಪಾಲಿಕೆ ಆಸ್ಪತ್ರೆಗಳಿಗೆ ಹೋಗುವವರು ಕೇಸ್ ಪೇಪರ್ ಮಾಡಿಸಲು ಬೆಳಿಗ್ಗೆ ಬೇಗ ಹೋಗಬೇಕು. ಅಲ್ಲಿ ಡಾಕ್ಟರರಿಗೆ ಸಿಗುವ ನಿಮಿಷ ಕಡಿಮೆ. ಮೂರು ದಿನದ ಲೆಕ್ಕ, ಮಾತ್ರೆಗಳ ಸ್ಟ್ರಿಪ್ ಎರಡೂ ಕೈಯಲ್ಲಿದ್ದರೆ ಭಾಷೆಯೂ ಅಡ್ಡ ಬರುವುದಿಲ್ಲ.

ಮೂತ್ರ ಪೂರ್ತಿ ಕಟ್ಟಿದರೆ, ರಕ್ತ ಬಂದರೆ, ಚಳಿಜ್ವರ ಸೇರಿದರೆ, ಕಾಲಿನ ಬಲ ಹೋಗಿ ಮಲಮೂತ್ರದ ಹತೋಟಿ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ. ಇನ್ನೊಂದನ್ನು ಮನೆಯವರು ವಯಸ್ಸೆಂದು ತಳ್ಳಿಹಾಕುತ್ತಾರೆ: ಹೊಸದಾಗಿ ಹಾಸಿಗೆ ಒದ್ದೆಯಾಗುವುದು. ಮೂತ್ರಕೋಶ ಖಾಲಿಯಾಗದೆ ಉಕ್ಕಿ ಸೋರುತ್ತಿದೆ ಎಂಬುದರ ಗುರುತು ಅದಾಗಿರಬಹುದು. ಬಿಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು.

ಪ್ರಾಸ್ಟೇಟ್ ಆಪರೇಷನ್ ಆದರೆ ರಾತ್ರಿ ಏಳುವುದು ನಿಲ್ಲುತ್ತದೆಯೇ?

ಧಾರೆ ಸರಿಯಾಗುತ್ತದೆ, ಮುಕ್ಕುವುದು ತಪ್ಪುತ್ತದೆ. ರಾತ್ರಿ ಏಳುವುದು ಮಾತ್ರ ಉಳಿದ ಲಕ್ಷಣಗಳಷ್ಟು ಸುಧಾರಿಸುವುದಿಲ್ಲ. ಅದೊಂದಕ್ಕಾಗಿಯೇ ಆಪರೇಷನ್ ಎಂದಾದರೆ ಮೊದಲು ಮೂತ್ರದ ಲೆಕ್ಕ ತೋರಿಸಿ ಮಾತಾಡಿ.

ಬಿದ್ದೇಬಿಟ್ಟರೆ?

ತೋಳು ಹಿಡಿದು ಎಳೆದೆತ್ತಬೇಡಿ. ತೊಡೆಸಂದಿ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಕೀಲು ಮುರಿದಿರಬಹುದು. ಅಲುಗಾಡಿಸದೆ, ತಲೆಯ ಅಡಿಗೆ ದಿಂಬಿಟ್ಟು, ಹೊದಿಸಿ 108ಕ್ಕೆ ಫೋನ್ ಮಾಡಿ. ನೋವಿಲ್ಲದಿದ್ದರೆ ಮಗ್ಗುಲಾಗಿಸಿ, ಕೈ ಮತ್ತು ಮಂಡಿಯ ಮೇಲೆ ನಿಲ್ಲಿಸಿ, ಮುಂದೊಂದು ಗಟ್ಟಿ ಕುರ್ಚಿ ಇಡಿ. ಕುರ್ಚಿ ಹಿಡಿದು ಬಲವಿರುವ ಕಾಲನ್ನು ಊರಿ ಅವರೇ ಏಳಲಿ, ಹಿಂದಿನಿಂದ ಇನ್ನೊಂದು ಕುರ್ಚಿ ಕೊಡಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಗೆ ಪೆಟ್ಟಾದರೆ, ಎದ್ದು ಚಹಾ ಕುಡಿದು ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗಿನ ರಕ್ತಸ್ರಾವ ಗಂಟೆಗಳ ನಂತರ ಕಾಣಿಸಬಹುದು.

ಒಬ್ಬರೇ ಇರುವ ಅಪ್ಪನಿಗೆ ಏನು ವ್ಯವಸ್ಥೆ?

ಮೊಬೈಲನ್ನು ಜೇಬಿರುವ ಚಡ್ಡಿಯಲ್ಲಿ ಅಥವಾ ಕೊರಳ ದಾರದಲ್ಲಿ ಇಟ್ಟುಕೊಳ್ಳಲಿ, ಬಿದ್ದಾಗ ಮಂಚದ ಮೇಲಿದ್ದ ಫೋನು ಕೈಗೆಟುಕುವುದಿಲ್ಲ. ಪಕ್ಕದ ಮನೆಯಲ್ಲಿ ಒಂದು ಕೀಲಿಕೈ ಇರಲಿ. ಹಿರಿಯ ನಾಗರಿಕರ ಸಹಾಯವಾಣಿ 14567. ಇನ್ನು ಬಚ್ಚಲ ಚಿಲಕ: ಒಳಗೆ ಬಿದ್ದವರ ಮೈ ಬಾಗಿಲಿಗೆ ಅಡ್ಡವಾಗಿ, ಚಿಲಕವೂ ಹಾಕಿದ್ದರೆ ಬಾಗಿಲು ಒಡೆಯುವುದಕ್ಕೇ ಅರ್ಧ ಗಂಟೆ ಬೇಕು. ಒಳಚಿಲಕ ತೆಗೆಸಿಬಿಡಿ, ಸಾಧ್ಯವಾದರೆ ಬಾಗಿಲು ಹೊರಕ್ಕೆ ತೆರೆಯುವಂತೆ ಬಡಗಿಯಿಂದ ಬದಲಿಸಿ.